ಪಾಲುದಾರಿಕೆ ಮುರಿಯುವಾಗ ಪಾಲಿಸಬೇಕಾದ ಕ್ರಮ

ಕೂಡಿ ವ್ಯಾಪಾರ ಹೂಡುವಾಗ ಮುಹೂರ್ತ ನೋಡುವ ನಮ್ಮ ಜನ ಅಗಲುವಾಗ ಒಂದು ಕಾಗದವನ್ನೂ ಬರೆಯುವುದಿಲ್ಲ. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಂಥ ಊರಿನಲ್ಲಿ ಬೀಗರಿಬ್ಬರು ಕೂಡಿ ತೊಗರಿ ವ್ಯಾಪಾರ ನಡೆಸುತ್ತಿದ್ದರೆಂದು ಭಾವಿಸೋಣ. ಮನಸ್ತಾಪ ಬಂದು, ಹಿರಿಯರ ಸಮಕ್ಷಮ ‘ಇಂದಿಗೆ ಮುಗಿಯಿತು’ ಎಂದು ಎದ್ದುಹೋದರೆ ಸಾಲದು.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯಂತೆ ಎಲ್ಲರೂ ಒಪ್ಪಿದರೆ ಸಂಸ್ಥೆಯನ್ನು ವಿಸರ್ಜಿಸಬಹುದು. ಕರಾರಿನಲ್ಲಿ ಅವಧಿಯನ್ನಾಗಲಿ ಮುಕ್ತಾಯದ ಬಗೆಯನ್ನಾಗಲಿ ಗೊತ್ತುಪಡಿಸಿರದಿದ್ದರೆ, ಒಬ್ಬನೇ ಉಳಿದವರೆಲ್ಲರಿಗೆ ಲಿಖಿತ ನೋಟೀಸು ಕೊಟ್ಟರೂ ಸಾಕು. ಮೋಸ, ಕರಾರುಭಂಗ, ನಿರಂತರ ನಷ್ಟ ಮುಂತಾದ ಕಾರಣಗಳಿದ್ದಲ್ಲಿ ನ್ಯಾಯಾಲಯಕ್ಕೆ ಮೊರೆಹೋಗಬಹುದು. ನೋಂದಣಿಯಾಗದ ಸಂಸ್ಥೆಯ ಪಾಲುದಾರನಿಗೂ ವಿಸರ್ಜನೆ ಹಾಗೂ ಲೆಕ್ಕ ಕೇಳುವ ಹಕ್ಕುಂಟು.

ಬಹುಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ವಿಸರ್ಜನೆಯನ್ನು ಬಹಿರಂಗವಾಗಿ ಪ್ರಕಟಿಸುವವರೆಗೆ, ಒಬ್ಬ ಬೀಗನು ಸಂಸ್ಥೆಯ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಹೊಣೆಗಾರನೇ. ಆತನ ಸ್ವಂತ ಹೊಲಮನೆಗೂ ಕುತ್ತು ಬರಬಹುದು. ಆದುದರಿಂದ ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಆ ಜಿಲ್ಲೆಯಲ್ಲಿ ಪ್ರಸಾರವುಳ್ಳ ದೇಶಭಾಷೆಯ ಒಂದು ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಬ್ಯಾಂಕಿಗೂ ಅಡತಿಯವರಿಗೂ ಪತ್ರ ಬರೆಯುವುದು ಕ್ಷೇಮ.

ಲೆಕ್ಕಕ್ಕೂ ಒಂದು ಕ್ರಮವಿದೆ. ಬೇರೆ ಕರಾರಿಲ್ಲದಿದ್ದರೆ, ಇದ್ದ ಆಸ್ತಿಯಿಂದ ಮೊದಲು ಹೊರಗಿನವರ ಸಾಲ, ಅನಂತರ ಪಾಲುದಾರರು ಬಂಡವಾಳದ ಹೊರತಾಗಿ ಕೊಟ್ಟ ಮುಂಗಡ, ಆಮೇಲೆ ಬಂಡವಾಳ ತೀರಬೇಕು. ಮಿಕ್ಕುದನ್ನು ಲಾಭದ ಪಾಲಿನಂತೆ ಹಂಚಿಕೊಳ್ಳಬೇಕು. ನಷ್ಟವಾದರೆ ಲಾಭ, ಬಂಡವಾಳಗಳಿಂದ ತುಂಬಿ, ಸಾಲದಿದ್ದರೆ ತಂತಮ್ಮ ಕೈಯಿಂದ ಭರಿಸಬೇಕು. ಲೆಕ್ಕದ ದಾವೆಗೆ ವಿಸರ್ಜನೆಯ ದಿನದಿಂದ 3 ವರ್ಷಗಳೇ ಗಡುವು.

ದಾಕ್ಷಿಣ್ಯಕ್ಕಾಗಿ ಕಾಗದ ಬೇಡವೆನ್ನುವವರಿಗೆ ನಾವು ಹೇಳುವುದಿಷ್ಟೇ: ವ್ಯಾಪಾರ ಮುರಿದರೂ ಬೀಗತನ ಮುರಿಯಬಾರದೆಂದಿದ್ದರೆ, ಲೆಕ್ಕವನ್ನು ಚುಕ್ತಾ ಮಾಡಿ ಬರೆದಿಡಿರಿ.