ನಲವತ್ತು ಪಂಚಾಯತ್, ಒಂದೇ ತಕ್ಕಡಿ

ಕಾರ್ಕಳ ತಾಲ್ಲೂಕಿನ ನಿಟ್ಟೆಯ ಎಂಆರ್‌ಎಫ್ (ಒಣ ಕಸ ವಿಂಗಡಿಸಿ ಮರುಬಳಕೆಗೆ ಕಳಿಸುವ) ಘಟಕಕ್ಕೆ ಉಡುಪಿ ಜಿಲ್ಲೆಯ ಸುಮಾರು 40 ಗ್ರಾಮ ಪಂಚಾಯತ್‌ಗಳ ಒಣ ಕಸ ಬಂದು ಸೇರುತ್ತದೆ. ದಿನಕ್ಕೆ 10 ಟನ್ ಕಸ ನಿಭಾಯಿಸಲೆಂದು ಕಟ್ಟಿದ ಘಟಕವಿದು. ಹಾಲಿನ ಕವರು, ಬಾಟಲಿ, ರಟ್ಟು ಇಲ್ಲಿ ಬೇರೆಬೇರೆಯಾಗಿ ಬೇಲ್ ಆಗುತ್ತವೆ. ಈ ಕೆಲಸವನ್ನು ಪ್ರತಿ ಪಂಚಾಯತ್ ತನ್ನಷ್ಟಕ್ಕೆ ಏಕೆ ಮಾಡಿಕೊಳ್ಳಬಾರದು? ಅಡ್ಡಿಯಿರುವುದು ಗಾತ್ರದಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತ್‌ಗೆ 5,000ದಿಂದ 7,000 ಜನಸಂಖ್ಯೆಯ ಅಳತೆ ಇಟ್ಟಿತು. ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ 2,500ರವರೆಗೂ ಇಳಿಯಲು ಬಿಟ್ಟಿತು. ಸದಸ್ಯರನ್ನು ದಾರಿಯಲ್ಲಿ ನಿಲ್ಲಿಸಿ ಕೇಳಲು ಈ ಗಾತ್ರ ಸರಿ. ಆದರೆ ಅಷ್ಟು ಮನೆಗಳ ಪ್ಲಾಸ್ಟಿಕ್ಕಿಗಾಗಿ ಲಾರಿ ಬರುವುದಿಲ್ಲ, ಯಂತ್ರಕ್ಕೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಬೆಲೆಯಿರುವ ಬಾಟಲಿ ಗುಜರಿಗೆ ಹೋದರೆ, ಯಾರಿಗೂ ಬೇಡದ ಚಿಪ್ಸ್ ಪೊಟ್ಟಣ ಶೆಡ್ಡಿನಲ್ಲೇ ಕೂರುತ್ತದೆ. ಹತ್ತಾರು ಊರಿನದು ಒಟ್ಟಾದಾಗ ಮಾತ್ರ ಅಂಥದ್ದನ್ನೂ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಸಾಗಿಸುವುದು ಗಿಟ್ಟುತ್ತದೆ.

ಹಾಗಿದ್ದರೆ ಪಂಚಾಯತ್‌ಗಳನ್ನೇ ಕೂಡಿಸಿ ದೊಡ್ಡದು ಮಾಡಬಹುದಲ್ಲ ಎನ್ನುವವರಿದ್ದಾರೆ. ಕೂಡಬೇಕಾದದ್ದು ಕೆಲಸದ ಒಂದು ಭಾಗವಷ್ಟೆ. ಮನೆಮನೆಯಿಂದ ಕಸ ಎತ್ತುವುದು, ಶುಲ್ಕ ಕೇಳುವುದು, ಬೇರ್ಪಡಿಸದವರಿಗೆ ತಿಳಿಹೇಳುವುದು ಊರಿನ ಮುಖಪರಿಚಯ ಬೇಡುತ್ತವೆ. ಅವು ಪಂಚಾಯತ್ ಕೈಯಲ್ಲೇ ಇರಲಿ. ವಿಂಗಡಣೆಗೆ, ಮಾರಾಟಕ್ಕೆ ರಾಶಿ ಬೇಕು, ಅವನ್ನು ಹಂಚಿಕೊಳ್ಳಲಿ. ಇಂಥ ಹೊಂದಾಣಿಕೆಗೆ ಜಿಲ್ಲಾ ಯೋಜನಾ ಸಮಿತಿಯೇ ಇದೆಯಲ್ಲ ಎಂಬುದು ಇನ್ನೊಂದು ಮಾತು. ಸಂವಿಧಾನದ 74ನೇ ತಿದ್ದುಪಡಿ ತಂದ ಆ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರೇ. ಪಂಚಾಯತ್ ಮತ್ತು ಪಟ್ಟಣಗಳ ನಡುವೆ ನೀರು ಹಂಚಿಕೆಯಂಥ ವಿಷಯಗಳೂ ಅದರ ಕೆಲಸವೇ. ಆದರೆ ಬೇರೆಬೇರೆ ಪಂಚಾಯತ್, ಪಟ್ಟಣಗಳ ಕೆಲಸದ ಪಟ್ಟಿಗಳನ್ನು ಒಟ್ಟಿಗೆ ಹೊಲಿದರೆ ಯೋಜನೆ ಆಗುವುದಿಲ್ಲ. ಒಂದೇ ತಕ್ಕಡಿಯಲ್ಲಿ ತೂಗಿ, ಲಾಭನಷ್ಟವನ್ನು ಒಂದೇ ಲೆಕ್ಕದಲ್ಲಿ ಬರೆಯತೊಡಗಿದಾಗಲೇ ಅದಕ್ಕೆ ಜೀವ ಬರುತ್ತದೆ.

ನಲವತ್ತು ಊರಿನ ಕಸ ಒಂದೂರಿನ ಅಂಗಳಕ್ಕೆ ಏಕೆ ಬರಬೇಕು ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಬರುವುದು ಒಣಗಿದ, ಬೇರ್ಪಡಿಸಿದ ಕಸವಾಗಿದ್ದರೆ ಅದು ಕಾರ್ಖಾನೆಯ ಕಚ್ಚಾವಸ್ತು. ಹಸಿ ಕಸ ಬೆರೆತರೆ ಅದೇ ಜಾಗ ತಿಪ್ಪೆ, ಆಗ ಆಕ್ಷೇಪವೇ ನ್ಯಾಯ. ಹಾಗಾಗಿ ಇಂಥ ಒಪ್ಪಂದ ನಿಲ್ಲುವುದು ಒಂದು ಹಕ್ಕಿನ ಮೇಲೆ: ಬೆರಕೆ ಕಸ ತಂದ ಗಾಡಿಯನ್ನು, ಅದು ಯಾವ ಪಂಚಾಯತ್‌ನದೇ ಆಗಿರಲಿ, ಗೇಟಿನಿಂದಲೇ ಹಿಂದಕ್ಕೆ ಕಳಿಸುವ ಹಕ್ಕು.