ಪರಿಸರವಾದ: ಒಂದು ಪದ, ಎರಡು ಅರ್ಥ

ಕಲಬುರಗಿಯ ಮಾರುಕಟ್ಟೆಯಲ್ಲಿ ಕೆಂಪು ಬಾಳೆ ಕಂಡರೆ ಕೊಳ್ಳುವವರಿಗೆ ಮೊದಲು ಹೊಳೆಯುವ ಪ್ರಶ್ನೆ: 'ಕಮಲಾಪುರದ್ದೇನ್ರಿ?' ಹುಮನಾಬಾದ್ ರಸ್ತೆಯ ಮೇಲಿರುವ ಆ ಊರಿನ ಹೆಸರೇ ಹಣ್ಣಿಗೊಂದು ಖಾತರಿ. 'ಪರಿಸರವಾದ' ಎಂಬ ದೊಡ್ಡ ಪದದ ಹಳೆಯ ಅರ್ಥವೊಂದು ಈ ಚಿಕ್ಕ ಪ್ರಶ್ನೆಯಲ್ಲಿ ಅಡಗಿದೆ.

ಪರಿಸರವಾದವೆಂದರೆ ಕಾಡು, ನೀರು, ಗಾಳಿಗಳನ್ನು ಉಳಿಸುವ ಚಳವಳಿ ಎಂದೇ ಇಂದು ನಾವು ತಿಳಿಯುತ್ತೇವೆ. ಆದರೆ ಇಂಗ್ಲಿಷಿನ 'ಎನ್ವಿರಾನ್‌ಮೆಂಟಲಿಸಂ' ಎಂಬ ಪದಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇರೆಯೇ ಅರ್ಥವಿತ್ತು. ಮನುಷ್ಯನನ್ನು ರೂಪಿಸುವುದು ರಕ್ತಗತವಾಗಿ ಬಂದ ಗುಣವೋ, ಅವನು ಬೆಳೆದ ಸುತ್ತಮುತ್ತಲೋ ಎಂಬ ಚರ್ಚೆಯಲ್ಲಿ ಎರಡನೆಯ ಪಕ್ಷದವರ ವಾದಕ್ಕೆ ಆ ಹೆಸರು. ಅಮೆರಿಕದ ಭೂಗೋಳಶಾಸ್ತ್ರಜ್ಞೆ ಎಲೆನ್ ಸೆಂಪಲ್ 1911ರ ತಮ್ಮ ಗ್ರಂಥದಲ್ಲಿ ಇದನ್ನು ಜನಾಂಗಗಳ ಚರಿತ್ರೆಗೂ ಅನ್ವಯಿಸಿದರು. ಬಿಸಿಲ ನಾಡಿನವರು ಸೋಮಾರಿಗಳು ಎಂಬ ಮಾತಿಗೂ ಇಂಥ ವಾದವೇ ಆಸರೆಯಾಯಿತು. ಅದು ಎಷ್ಟು ಪೊಳ್ಳು ಎಂಬುದನ್ನು ಬೇಸಿಗೆಯ ಕಲಬುರಗಿಯಲ್ಲಿ ಹೊಲ ಹದ ಮಾಡುವವರಿಗೆ ಬೇರೆ ಹೇಳಬೇಕಿಲ್ಲ.

ಪದದ ಅರ್ಥ ಹೊರಳಿದ್ದು ಅರವತ್ತು-ಎಪ್ಪತ್ತರ ದಶಕಗಳಲ್ಲಿ. ಪರಿಸರ ಮನುಷ್ಯನನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಹಿಂದೆ ಸರಿದು, ಮನುಷ್ಯ ಪರಿಸರವನ್ನು ಏನು ಮಾಡುತ್ತಿದ್ದಾನೆ ಎಂಬ ಪ್ರಶ್ನೆ ಮುಂದೆ ಬಂತು. 1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. 1976ರ 42ನೇ ತಿದ್ದುಪಡಿಯ ಮೂಲಕ ಪರಿಸರ ರಕ್ಷಣೆ ನಮ್ಮ ಸಂವಿಧಾನವನ್ನು ಸೇರಿತು. ಅದು ಸರ್ಕಾರದ ಹೊಣೆಯೂ ಹೌದು, ನಾಗರಿಕರ ಕರ್ತವ್ಯವೂ ಹೌದು.

ಕರ್ನಾಟಕದಲ್ಲಿ ಈ ಹೊಸ ಅರ್ಥಕ್ಕೆ ಜೀವ ತುಂಬಿದವರು ಹಳ್ಳಿಗರು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯವರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅವರಿಗೆ ಪರಿಸರವೆಂದರೆ ನೋಡಿ ತಣಿಯುವ ಹಸಿರಲ್ಲ. ಸೊಪ್ಪು, ಸೌದೆ, ಮೇವು ಕೊಡುವ ನೆಲ. ಕನ್ನಡದಲ್ಲಿ 'ಗುಡಿಯ ಪರಿಸರ', 'ಶಾಲೆಯ ಪರಿಸರ' ಎನ್ನುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಸುತ್ತಲಿನ ಜಾಗವೇ.

ಈ ಎರಡು ಅರ್ಥಗಳು ಮತ್ತೆ ಕೂಡುವುದು ಕಮಲಾಪುರದಲ್ಲಿ. ಒಂದು ಸರಕಿನ ಗುಣ ಅಥವಾ ಖ್ಯಾತಿ ಅದರ ಊರಿನಿಂದಲೇ ಬಂದುದಾದರೆ, ಆ ಹೆಸರಿಗೆ 1999ರ ಭೌಗೋಳಿಕ ಸೂಚಕ ಕಾಯ್ದೆ ರಕ್ಷಣೆ ಕೊಡುತ್ತದೆ. ಕಮಲಾಪುರದ ಕೆಂಪು ಬಾಳೆಗೆ ಈ ಮಾನ್ಯತೆ ಇದೆ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ದೊರೆಯಿತು. ಮನುಷ್ಯರ ವಿಷಯದಲ್ಲಿ ಸೋತ ಹಳೆಯ ವಾದ ಬೆಳೆಯ ವಿಷಯದಲ್ಲಿ ಕಾನೂನೇ ಆಗಿದೆ.

ಹಾಗಿದ್ದರೆ ಮುಂದಿನ ಮಾತು ತಾನಾಗಿಯೇ ಹೊರಡುತ್ತದೆ. ರುಚಿ ಮಣ್ಣಿನದು, ನೀರಿನದು ಎಂದಾದರೆ ಅವುಗಳ ರಕ್ಷಣೆ ರೈತನ ಅನ್ನದ ರಕ್ಷಣೆಯೂ ಹೌದು. ಕಾಯ್ದೆ ಕಾಯುವುದು ಊರಿನ ಹೆಸರನ್ನು ಮಾತ್ರ. ಬಾವಿ ಬತ್ತಿ ಮಣ್ಣು ಸವಕಲಾದರೆ 'ಕಮಲಾಪುರದ್ದೇನ್ರಿ?' ಎಂಬ ಪ್ರಶ್ನೆಗೆ 'ಹೌದು' ಎನ್ನುವವರು ಇದ್ದಾರು, ಹಣ್ಣು ಇರದು.