ಕಾರ್ಖಾನೆ ಇಲ್ಲದ ಊರಿಗೆ ಶೇ 2 ಬರುವುದು ಹೇಗೆ?

ಬಿಡದಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಶೌಚಾಲಯದ ಮೇಲೋ, ಕುಡಿಯುವ ನೀರಿನ ಘಟಕದ ಮೇಲೋ ಕಂಪನಿಯ ಹೆಸರು ಕಾಣುವುದು ಮಾಮೂಲು. 'ದೊಡ್ಡ ಕಂಪನಿ, ದಾನ ಮಾಡಿದ್ದಾರೆ' ಎಂದು ಊರಲ್ಲಿ ಮಾತಾಡಿಕೊಳ್ಳುತ್ತಾರೆ. ದಾನ ಅನ್ನುವುದು ಪೂರ್ತಿ ಸರಿಯಲ್ಲ. ಅದರಲ್ಲಿ ಹೆಚ್ಚಿನದು ಕಾನೂನಿನ ಪ್ರಕಾರ ಖರ್ಚು ಮಾಡಲೇಬೇಕಾದ ಹಣ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದು ಇದ್ದರೂ ಸಾಕು. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಸರಾಸರಿ ಲಾಭ ₹100 ಕೋಟಿ ಇದ್ದರೆ ₹2 ಕೋಟಿ. ಇದೇ ಸಿಎಸ್‌ಆರ್. ಕೆಲವರು ನೇರವಾಗಿ ತಾವೇ ಖರ್ಚು ಮಾಡುತ್ತಾರೆ, ಕೆಲವರು ತಮ್ಮದೇ ಫೌಂಡೇಷನ್ ಮೂಲಕ, ಇನ್ನು ಕೆಲವರು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳ ಮೂಲಕ.

ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಬಿಡದಿಯ ಟೊಯೋಟಾ ಕಿರ್ಲೋಸ್ಕರ್. ಈ ಕಾನೂನು ಬರುವ ಮೊದಲೇ, 2007ರಲ್ಲಿ, ಹಳ್ಳಿ ಮಕ್ಕಳಿಗಾಗಿ ಅಲ್ಲೇ ತಾಂತ್ರಿಕ ತರಬೇತಿ ಸಂಸ್ಥೆ ತೆರೆದರು. 2015ರಲ್ಲಿ ರಾಮನಗರ ಜಿಲ್ಲೆಯ ಶಾಲೆಗಳಲ್ಲಿ 'ಎಬಿಸಿಡಿ' ಹೆಸರಿನ ನೈರ್ಮಲ್ಯ ಯೋಜನೆ ಶುರು ಮಾಡಿದರು. ಶೌಚಾಲಯ ಕಟ್ಟಿ ಬೀಗ ಹಾಕಿ ಹೋಗದೆ, ಅದನ್ನು ಬಳಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ, ಅವರ ಮೂಲಕ ಮನೆಗೂ ಮುಟ್ಟಿಸುವುದು ಅದರ ಯೋಚನೆ. ಇದು ನನಗೆ ಇಷ್ಟವಾಯಿತು. ಕಟ್ಟಡಕ್ಕೆ ಹಣ ಕೊಡುವುದಕ್ಕಿಂತ ಅಭ್ಯಾಸಕ್ಕೆ ಹಣ ಕೊಡುವುದು ಕಷ್ಟ, ಅಭ್ಯಾಸವನ್ನು ಫೋಟೊ ತೆಗೆದು ತೋರಿಸಲು ಆಗುವುದಿಲ್ಲವಲ್ಲ.

ಆದರೆ ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಕಂಪನಿ ತಾನು ಕೆಲಸ ಮಾಡುವ ಜಾಗಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕಂತೆ. ಕಾರ್ಖಾನೆಯ ಹೊಗೆ, ಲಾರಿ ಸಹಿಸಿಕೊಳ್ಳುವವರಿಗೆ ಮೊದಲ ಪಾಲು ಎನ್ನುವುದು ನ್ಯಾಯವೇ. ಬಿಡದಿ, ಹಾರೋಹಳ್ಳಿಗೆ ಕೈಗಾರಿಕಾ ಪ್ರದೇಶ ಇದೆ. ಮಾಗಡಿಯ ಒಳಗಿನ ಹೋಬಳಿಗಳಿಗೆ, ಕನಕಪುರದ ಕಾಡಂಚಿನ ಊರುಗಳಿಗೆ ಯಾವ ಕಾರ್ಖಾನೆ 'ಸುತ್ತಮುತ್ತ' ಇದೆ? ಈ ಆದ್ಯತೆ ಕಡ್ಡಾಯವಲ್ಲ, ಮಾರ್ಗದರ್ಶನ ಮಾತ್ರ ಎಂದು ಕೇಂದ್ರ ಸರ್ಕಾರವೇ 2021ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಬಿಡದಿಯ ಹಣ ಮಾಗಡಿಗೆ ಹೋಗಲು ಕಾನೂನು ಅಡ್ಡ ಬರುವುದಿಲ್ಲ. ಆದರೆ ಕೇಳುವವರು ಇರಬೇಕು.

ಕೇಳುವುದೇ ಕಷ್ಟದ ಕೆಲಸ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕೆಲವು ಹೆಣ್ಣುಮಕ್ಕಳು ಸೇರಿ ತರಬೇತಿ ಕೇಂದ್ರ ನಡೆಸಬೇಕೆಂದಿದ್ದಾರೆ ಎಂದು ಊಹಿಸಿಕೊಳ್ಳಿ. ಸಾಂಪ್ರದಾಯಿಕ ಕಲೆ, ಕರಕುಶಲ ಕಾಯ್ದೆಯ 7ನೇ ಪಟ್ಟಿಯಲ್ಲಿವೆ, ಹಾಗಾಗಿ ಹಣ ಕೇಳಲು ಅವಕಾಶವಿದೆ. ಮೊದಲು ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ. ಆಮೇಲೆ ಆದಾಯ ತೆರಿಗೆ ಇಲಾಖೆಯಿಂದ 12ಎ, 80ಜಿ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಸಂಖ್ಯೆಯನ್ನೂ ಪಡೆಯಬೇಕು. ಇಷ್ಟೆಲ್ಲಾ ಆದಮೇಲೆ ಇನ್ನೊಂದು ಷರತ್ತು: ಕಂಪನಿಯೋ ಸರ್ಕಾರವೋ ಸ್ಥಾಪಿಸಿದ ಸಂಸ್ಥೆ ಅಲ್ಲದಿದ್ದರೆ, ಅಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು.

ಕೆಲಸ ಹುಡುಕುತ್ತಿರುವವರಿಗೆ ಈ ಮಾತು ಎಲ್ಲೋ ಕೇಳಿದಂತೆ ಅನಿಸಬಹುದು. ಅನುಭವ ಇಲ್ಲದವರಿಗೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಬರುವುದಿಲ್ಲ!

ಮೋಸ ತಡೆಯಲು ಈ ನಿಯಮಗಳು ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಇದರ ಲಾಭ ಆಗುವುದು ಬೆಂಗಳೂರಿನಲ್ಲಿ ಆಫೀಸು, ಲೆಕ್ಕಪರಿಶೋಧಕರು, ಇಂಗ್ಲಿಷ್‌ನಲ್ಲಿ ಚೆಂದವಾಗಿ ಪ್ರಸ್ತಾವ ಬರೆಯುವವರು ಇರುವ ಸಂಸ್ಥೆಗಳಿಗೆ. ಊರಿನ ಸಮಸ್ಯೆ ಚೆನ್ನಾಗಿ ಗೊತ್ತಿರುವವರ ಬಳಿ ಕಾಗದ ಇರುವುದಿಲ್ಲ.

ಹಣ ಸಿಕ್ಕ ಮೇಲೂ ಅದಕ್ಕೆ ಗಡಿಯಾರ ಕಟ್ಟಿರುತ್ತದೆ. ಮುಂದುವರಿಯುವ ಯೋಜನೆ ಎಂದು ಗುರುತಿಸಿದರೂ, ಶುರುವಾದ ವರ್ಷ ಬಿಟ್ಟು ಮೂರು ವರ್ಷ ಮಾತ್ರ. ಹಳ್ಳಿಯ ಗ್ರಂಥಾಲಯಕ್ಕೆ ಪುಸ್ತಕ, ಕಪಾಟು ಒಂದೇ ಸಲ ಕೊಡಿಸಬಹುದು, ಆದರೆ ದಿನಾ ಸಂಜೆ ಬಾಗಿಲು ತೆಗೆಯುವವರ ಸಂಬಳ ಪ್ರತಿ ತಿಂಗಳೂ ಬೇಕು. ನಾಲ್ಕನೇ ವರ್ಷ ಆ ಸಂಬಳ ಯಾರು ಕೊಡುತ್ತಾರೆ? ಪಂಚಾಯಿತಿಯೋ ಊರವರೋ ವಹಿಸಿಕೊಳ್ಳುವ ಮಾತು ಮೊದಲ ದಿನವೇ ಆಗಿರದಿದ್ದರೆ ಪುಸ್ತಕದ ಮೇಲೆ ದೂಳು.

ಸಿಎಸ್‌ಆರ್ ಅಲ್ಲದ ದಾರಿಯೂ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ನಡೆಯುವುದು ಪ್ರೇಮ್‌ಜಿ ಅವರು ಬರೆದುಕೊಟ್ಟ ವಿಪ್ರೊ ಷೇರುಗಳ ಆದಾಯದಿಂದ. 2024ರ ಜುಲೈನಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು, ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ ಘೋಷಿಸಿದರು. ಆ ಮೊಟ್ಟೆಗೆ ಬಿಡದಿ, ಮಾಗಡಿ ಅನ್ನುವ ಭೇದ ಇಲ್ಲ, ಏಕೆಂದರೆ ಬಿಸಿಯೂಟದ ಅಡುಗೆಮನೆ ಎಲ್ಲ ಕಡೆ ಮೊದಲೇ ಇತ್ತು. ಎಲ್ಲ ಊರಲ್ಲೂ ಇರುವ ವ್ಯವಸ್ಥೆಯೊಳಗೆ ಸೇರಿದ ಹಣ ಎಲ್ಲರಿಗೂ ಸಿಗುತ್ತದೆ.

ಹಾಗಂತ ಸಣ್ಣ ಸಂಸ್ಥೆಗಳು ಬೇಡವೇ? ಬೇಕು. ಬೊಂಬೆ ತರಬೇತಿಗೆ ಅಡುಗೆಮನೆಯಂಥ ವ್ಯವಸ್ಥೆ ಇಲ್ಲ. ಅಲ್ಲಿಗೆ ಬೇಕಾಗಿರುವುದು ಪ್ರಸ್ತಾವ ಬರೆಯುವ, ಎಕ್ಸೆಲ್‌ನಲ್ಲಿ ಲೆಕ್ಕ ಇಡುವ, ಬಳಕೆ ಪ್ರಮಾಣಪತ್ರವನ್ನು ಸಮಯಕ್ಕೆ ಕಳಿಸುವ ಒಬ್ಬರು. ಬಿಕಾಂ, ಬಿಎಸ್‌ಡಬ್ಲ್ಯು ಓದಿದವರೂ, ನಮ್ಮಂಥ ಬಿಇ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ ಇದು. ಪ್ರಾಜೆಕ್ಟ್ ಕೋಆರ್ಡಿನೇಟರ್ ಎಂಬ ಹುದ್ದೆಗೆ ಸಂದರ್ಶನಕ್ಕೆ ಹೋದರೆ ಸಂಬಳದ ಜೊತೆ ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: 'ಈ ಯೋಜನೆಗೆ ಎಷ್ಟು ತಿಂಗಳಿಗೆ ಹಣ ಇದೆ?' ಯೋಜನೆ ಮುಗಿದರೆ ಹುದ್ದೆಯೂ ಮುಗಿಯಬಹುದು.

ಹಣ ಯಾರಲ್ಲಿದೆ ಎಂದು ಹುಡುಕಲು ಯಾರ ಪರಿಚಯವೂ ಬೇಕಿಲ್ಲ. ವೆಬ್‌ಸೈಟ್ ಇರುವ ಕಂಪನಿ ತನ್ನ ಸಿಎಸ್‌ಆರ್ ನೀತಿ, ಆಡಳಿತ ಮಂಡಳಿ ಒಪ್ಪಿದ ಯೋಜನೆಗಳನ್ನು ಅಲ್ಲಿ ಪ್ರಕಟಿಸಲೇಬೇಕು. ಕೇಂದ್ರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿತೆಂಬ ವಿವರವೂ ಸಿಗುತ್ತದೆ. ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಎಂದಾಗಿರುವುದರಿಂದ ಹಳೆಯ ವರ್ಷಗಳಿಗೆ ರಾಮನಗರ ಎಂದೇ ಹುಡುಕಿ. ಆಮೇಲೆ ನಿಮ್ಮ ತಾಲ್ಲೂಕಿನ ಹೆಸರು ಆ ಯೋಜನೆಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ.